ನಿಮ್ಮ ಸೆಷನ್ ನಿಮಗೇ ಇರಲಿ



ಮನೆಯಲ್ಲಿ "ಊಟ ಆಯ್ತಾ?" ಎಂದು ಕೇಳಿದ ನಾವೇ ಮೆಟ್ಟಿಲಿಳಿದು ಕಾಳಿಘಾಟಿನ ಬೀದಿಗೆ ಬಂದರೆ ತರಕಾರಿಯವನಿಗೆ "ಕತೊ ದಾಮ್?" ಎನ್ನುತ್ತೇವೆ. ವಾಪಸ್ಸು ಬಂದರೆ ಮತ್ತೆ ಕನ್ನಡ. ಬೀದಿಯಲ್ಲಿ ಬಂಗಾಳಿ ಬೇಕೆಂದು ಮನೆಯವರೆಲ್ಲರ ಮಾತನ್ನು ಬದಲಿಸುವುದಿಲ್ಲ. ಗಣಕದ ಮುಂದೆ ಕುಳಿತಾಗ ನಾನು ಈ ಸರಳ ನಿಯಮವನ್ನು ಮರೆತೆ.

ನಮ್ಮ ಸದಸ್ಯರ ಪಟ್ಟಿ ಇರುವುದು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ. ಶೆಟ್ಟಿ ಎಂಬ ಮನೆತನದ ಹೆಸರನ್ನು ಕೆಲವರು 'ಎಸ್‌ಎಚ್' ಹಾಕಿ ಬರೆಯುತ್ತಾರೆ, ಕೆಲವರು ಬರೀ 'ಎಸ್'. ಎರಡನ್ನೂ ಹುಡುಕಿಕೊಡಲು ಪಿಜಿ_ಟಿಆರ್‌ಜಿಎಂ ಎಂಬ ಎಕ್ಸ್‌ಟೆನ್ಷನ್ ಇದೆ. ಅದು ಹೆಸರಿನ ಮುಂದೆ ಎರಡು, ಹಿಂದೆ ಒಂದು ಖಾಲಿ ಜಾಗ ಸೇರಿಸಿ, ಮೂರು ಮೂರು ಅಕ್ಷರಗಳ ತುಂಡು ಮಾಡಿ ಹೋಲಿಸುತ್ತದೆ. ಈ ಎರಡು ಶೆಟ್ಟಿಗಳಲ್ಲಿ ಬೇರೆ ಬೇರೆ ತುಂಡುಗಳು ಒಟ್ಟು 9. ಎರಡರಲ್ಲೂ ಇರುವುದು 4. ಹೋಲಿಕೆ 0.44. ಎಕ್ಸ್‌ಟೆನ್ಷನ್ ತಾನೇ ಇಟ್ಟುಕೊಂಡಿರುವ ಮಿತಿ 0.3. ಹಾಗಾಗಿ ಹೆಸರು ಸಿಗುತ್ತದೆ.

ಎರಡೆರಡು ಸಲ ಬಂದಿದ್ದ ಹೆಸರುಗಳನ್ನು ತೆಗೆಯಲು ಒಂದು ಸಂಜೆ ಮಿತಿಯನ್ನು 0.5ಕ್ಕೆ ಏರಿಸಿದೆ. ನನ್ನ ಸೆಷನ್ನಿಗೆ ಮಾತ್ರವಲ್ಲ, ಇಡೀ ಡೇಟಾಬೇಸಿಗೆ! ರಾಜ್ಯೋತ್ಸವದ ಆಮಂತ್ರಣ ಕಳಿಸುವಾಗ 'ಎಸ್‌ಎಚ್' ಹಾಕಿ ಹುಡುಕಿದವರಿಗೆ ಬರೀ 'ಎಸ್' ಇದ್ದ ಹಿರಿಯರೊಬ್ಬರು ಸಿಗಲೇ ಇಲ್ಲ. "ನಮ್ಮನ್ನ ಲೆಕ್ಕದಿಂದ ತೆಗೆದುಬಿಟ್ರೇನಪ್ಪಾ?" ಎಂದು ಅವರು ಕೇಳಿದಾಗ ತಲೆ ತಗ್ಗಿಸಿದೆ.

'ಸೆಟ್' ಆಜ್ಞೆ ಕೊಟ್ಟಿದ್ದರೆ ಸಾಕಿತ್ತು. ಅದರ ಬದಲಾವಣೆ ನಿಮ್ಮ ಸೆಷನ್ ಮುಗಿಯುವವರೆಗೆ ಮಾತ್ರ. ನಡುವೆಯೇ ಬೇಡವೆನಿಸಿದರೆ 'ರೀಸೆಟ್' ಕೊಡಿ. ಒಂದೇ ಸಂಪರ್ಕವನ್ನು ಹಲವರು ಸರದಿಯಲ್ಲಿ ಬಳಸುವ ಕಡೆ ಇದೂ ಅಪಾಯ. ನೀವು ಬಿಟ್ಟುಹೋದ ಮಿತಿ ಮುಂದಿನವರಿಗೆ ಅಂಟಿಕೊಳ್ಳಬಹುದು. ಅಲ್ಲಿ ಟ್ರಾನ್ಸಾಕ್ಷನ್ ಒಳಗೆ 'ಸೆಟ್ ಲೋಕಲ್' ಬಳಸಿ. ಟ್ರಾನ್ಸಾಕ್ಷನ್ ಮುಗಿದೊಡನೆ ಹಳೆಯ ಬೆಲೆ ಮರಳುತ್ತದೆ.

ನಾಳೆ ನೀವೇ ಮಾಡ್ಯೂಲ್ ಬರೆದರೆ, ಸೆಟ್ಟಿಂಗಿಗೆ ಮೊದಲು ಮಾಡ್ಯೂಲಿನ ಹೆಸರು, ಒಂದು ಚುಕ್ಕೆ, ಆಮೇಲೆ ಸೆಟ್ಟಿಂಗಿನ ಹೆಸರು ಕೊಡಿ. ಮಾಡ್ಯೂಲ್ ಲೋಡ್ ಆಗುವ ಮುಂಚೆ ಇಂಥ ಹೆಸರನ್ನು ತಪ್ಪಾಗಿ ಬರೆದರೂ ಪೋಸ್ಟ್‌ಗ್ರೆಸ್ ಸುಮ್ಮನೆ ಒಪ್ಪಿಕೊಳ್ಳಬಹುದು. ಲೋಡ್ ಮಾಡಿದ ಮೇಲೆ 'ಶೋ' ಕೊಟ್ಟು ಬೆಲೆಯನ್ನು ಒಮ್ಮೆ ನೋಡಿಕೊಳ್ಳಿ.

ಆ ಹಿರಿಯರಿಗೆ ಆಮಂತ್ರಣವನ್ನು ನಾನೇ ಮನೆಗೆ ಹೋಗಿ ಕೊಟ್ಟು ಬಂದೆ. ಕಾಫಿ ಕೊಟ್ಟರು, ಜೊತೆಗೆ, ಅವರ ಹೆಸರಿನಲ್ಲಿ 'ಎಚ್' ಇಲ್ಲವೆಂದು ಇನ್ನೊಮ್ಮೆ ನೆನಪಿಸಿದರು.