ಗೆದ್ದವನು ಬಾರದ ಪಂದ್ಯ

ಶ್ರವಣಬೆಳಗೊಳಕ್ಕೆ ಹೋದವರೆಲ್ಲರೂ ಜಿನನಾಥಪುರಕ್ಕೆ ಹೋಗುವುದಿಲ್ಲ. ದೊಡ್ಡಬೆಟ್ಟವನ್ನು ಹತ್ತಿ ಇಳಿಯುವಷ್ಟರಲ್ಲಿ ಹಿರಿಯರ ಕಾಲು ಸೋತಿರುತ್ತದೆ, ಮಕ್ಕಳು ಎಳನೀರಿಗೆ ಹಟ ಹಿಡಿದಿರುತ್ತಾರೆ, ಬಸ್ಸಿನ ಹೊತ್ತೂ ಆಗಿರುತ್ತದೆ. ಆದರೂ ಬಿಡುವು ಮಾಡಿಕೊಂಡು ಚಿಕ್ಕಬೆಟ್ಟದ ಬಡಗಣ ಮಗ್ಗುಲಿನ ಈ ಪುಟ್ಟ ಊರಿಗೆ ಹೋದವರಿಗೆ ಅಲ್ಲಿಯ ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪಗಳು ನಿರಾಶೆಯನ್ನುಂಟುಮಾಡುವುದಿಲ್ಲ. ಊರನ್ನು ನೆಲೆಗೊಳಿಸಿದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಊರಿಗೆ ಒತ್ತಿಕೊಂಡಿರುವ ಚಿಕ್ಕಬೆಟ್ಟದ ಮೇಲೆ ಭಿನ್ನವಾದ ಭರತೇಶ್ವರನ ಮೂರ್ತಿಯಿದೆ. ಅದರಾಚೆಯ ದೊಡ್ಡಬೆಟ್ಟದ ಮೇಲೆ ಉತ್ತರಾಭಿಮುಖನಾಗಿ ಬಾಹುಬಲಿ ನಿಂತಿದ್ದಾನೆ. ಸೋತ ಅಣ್ಣ ಒಂದು ಬೆಟ್ಟದಲ್ಲಿ, ಗೆದ್ದ ತಮ್ಮ ಇನ್ನೊಂದರಲ್ಲಿ.

ಅವರ ಕಥೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಎರಡು ಸೇನೆಗಳು ಎದುರಾಗಿ ನಿಂತಾಗ ಮಂತ್ರಿಗಳು ನಡುವೆ ಬಂದು, ಇಷ್ಟು ಜನ ಸಾಯುವುದೇಕೆ, ನೀವಿಬ್ಬರೇ ಹೋರಾಡಿ ತೀರ್ಮಾನಿಸಿಕೊಳ್ಳಿ ಎಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂದು ನಿಯಮವೂ ಆಯಿತು. ಮೂರರಲ್ಲಿಯೂ ಸೋತ ಭರತನು ನಿಯಮವನ್ನು ಮರೆತು ಚಕ್ರವನ್ನೆಸೆದನು. ಗೆದ್ದವನು ರಾಜ್ಯವನ್ನೇ ಬಿಟ್ಟು ನಡೆದನು.

ಇಪ್ಪತ್ತನೆಯ ಶತಮಾನದಲ್ಲಿ ಕಾಲ್ಚೆಂಡಾಟದವರೂ ಇಂತಹುದೇ ಒಂದು ಏರ್ಪಾಡನ್ನು ಮಾಡಿಕೊಂಡಿದ್ದರು. ಯೂರೋಪಿನ ಕ್ಲಬ್ಬುಗಳಲ್ಲಿ ಗೆದ್ದ ಒಂದು ತಂಡ, ದಕ್ಷಿಣ ಅಮೆರಿಕದಲ್ಲಿ ಗೆದ್ದ ಒಂದು ತಂಡ. ಇವೆರಡೇ ಎದುರಾಗಿ ಆಡಿ, ಜಗತ್ತಿನಲ್ಲಿ ಯಾರು ಮೇಲೆಂಬುದನ್ನು ನಿರ್ಣಯಿಸುವುದು. ಇದರ ಹೆಸರು ಇಂಟರ್‌ಕಾಂಟಿನೆಂಟಲ್ ಕಪ್, ಎಂದರೆ ಖಂಡಾಂತರ ಕಪ್. 1960ರಲ್ಲಿ ಮೊದಲಾಗಿ 2004ರಲ್ಲಿ ಮುಗಿದುಹೋದ ಈ ಪಂದ್ಯಾವಳಿಯಲ್ಲಿಯೂ ನಿಯಮವಿತ್ತು, ಚಕ್ರ ಎಸೆಯುವವರಿದ್ದರು, ಬಿಟ್ಟು ನಡೆದವರೂ ಇದ್ದರು. ವ್ಯತ್ಯಾಸವಿಷ್ಟೆ: ಇವರು ಆಡುವ ಮೊದಲೇ ಬಿಟ್ಟು ನಡೆದರು!

ಆರಂಭವಂತೂ ಸೊಗಸಾಗಿತ್ತು. 1960ರ ಜುಲೈ 3ರಂದು ಮಾಂಟೆವಿಡಿಯೊದಲ್ಲಿ ಪೆನ್ಯರೋಲ್ ಮತ್ತು ರಿಯಲ್ ಮ್ಯಾಡ್ರಿಡ್ ತಂಡಗಳು ಗೋಲಿಲ್ಲದೆ ಸಮವಾದುವು. ಸೆಪ್ಟೆಂಬರಿನಲ್ಲಿ ತನ್ನ ಮನೆಯಂಗಳದಲ್ಲಿ ಪುಷ್ಕಾಶ್, ಡಿ ಸ್ಟೆಫಾನೊ ಮೊದಲಾದ ಅತಿರಥರನ್ನಿಟ್ಟುಕೊಂಡ ಮ್ಯಾಡ್ರಿಡ್ 5–1ರಿಂದ ಗೆದ್ದಿತು. ನಿಯಮ ಮಾತ್ರ ಸ್ವಲ್ಪ ವಿಚಿತ್ರವಾಗಿತ್ತು. ಎರಡು ಪಂದ್ಯಗಳ ಗೋಲುಗಳನ್ನು ಕೂಡುತ್ತಿರಲಿಲ್ಲ; ಗೆದ್ದ ಪಂದ್ಯಗಳ ಲೆಕ್ಕವೇ ಲೆಕ್ಕ. 1961ರಲ್ಲಿ ಬೆನ್‌ಫಿಕಾ ಲಿಸ್ಬನ್ನಿನಲ್ಲಿ 1–0ರಿಂದ ಗೆದ್ದರೆ, ಪೆನ್ಯರೋಲ್ ತನ್ನೂರಿನಲ್ಲಿ 5–0ರಿಂದ ಗೆದ್ದಿತು. ಐದು ಗೋಲೂ ಒಂದೇ, ಒಂದು ಗೋಲೂ ಒಂದೇ! ಮೂರನೆಯ ಪಂದ್ಯವಾಡಿ 2–1ರಿಂದ ಪೆನ್ಯರೋಲ್ ಗೆಲ್ಲಬೇಕಾಯಿತು. ಮರುವರ್ಷ ಲಿಸ್ಬನ್ನಿನಲ್ಲಿ ಪೆಲೆ ಮೂರು ಗೋಲುಗಳನ್ನು ಹೊಡೆದು ಸಾಂಟೋಸ್ ತಂಡಕ್ಕೆ 5–2ರ ಜಯವನ್ನು ತಂದನು. ಪರದೇಶದ ಅಂಗಳದಲ್ಲಿ ಆ ರೀತಿ ಆಡಿದ ತಂಡಗಳು ವಿರಳ.

ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಇದನ್ನು ತನ್ನದೆಂದು ಒಪ್ಪಿರಲಿಲ್ಲ. ಎರಡು ಖಂಡಗಳ ಸಂಸ್ಥೆಗಳು ತಮ್ಮತಮ್ಮಲ್ಲೇ ನಡೆಸಿಕೊಂಡ ಸ್ಪರ್ಧೆಯಿದು. ತಂಡಗಳ ಮರ್ಯಾದೆಯೇ ಅದರ ಬಲ. ಆ ಮರ್ಯಾದೆ ಸಡಿಲಿದಾಗ ಬಿಗಿಯುವ ಕೈ ಯಾವುದೂ ಇರಲಿಲ್ಲ.

ಸಡಿಲಿದ್ದು 1967ರಲ್ಲಿ. ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡ ಅರ್ಜೆಂಟೀನಾದ ರೇಸಿಂಗ್ ತಂಡದ ಅಂಗಳಕ್ಕೆ ಇಳಿದಾಗ, ಪಂದ್ಯ ಪ್ರಾರಂಭವಾಗುವ ಮೊದಲೇ ಗೋಲ್‌ಕೀಪರ್ ಸಿಂಪ್ಸನ್ನನ ತಲೆಗೆ ಯಾವುದೋ ವಸ್ತು ಬಡಿಯಿತು, ಅವನು ಆಡಲಾಗಲಿಲ್ಲ. ಮಾಂಟೆವಿಡಿಯೊದಲ್ಲಿ ನಡೆದ ಮೂರನೆಯ ಪಂದ್ಯವನ್ನು ಪಂದ್ಯವೆನ್ನುವುದಕ್ಕಿಂತ ಬೀದಿಜಗಳವೆನ್ನುವುದೇ ಸರಿ. ರೆಫರಿ ಎರಡೂ ಕಡೆಯ ಆಟಗಾರರನ್ನು ಒಬ್ಬರ ಹಿಂದೊಬ್ಬರಂತೆ ಹೊರಗಟ್ಟುತ್ತ ಹೋದನು. ಕಪ್ ರೇಸಿಂಗಿಗೆ ಹೋಯಿತು. ಸೆಲ್ಟಿಕ್ ಆಡಳಿತದವರು ತಮ್ಮ ಆಟಗಾರರಿಗೇ ದಂಡ ವಿಧಿಸಿದರು. ಪೆಟ್ಟು ತಿಂದವರೂ ತಮ್ಮ ನಡತೆಗೆ ನಾಚಿದರೆಂಬುದಕ್ಕೆ ಇದು ಸಾಕ್ಷಿ.

ಆದರೆ ಅದಕ್ಕಿಂತ ಹೇಯವಾದದ್ದು ಎರಡು ವರ್ಷಗಳ ಮೇಲೆ ನಡೆಯಿತು. ಎಸ್ತುದಿಯಾಂತೆಸ್ ಎಂಬ ಅರ್ಜೆಂಟೀನಾದ ತಂಡದ ಹೆಸರಿನ ಅರ್ಥ ‘ವಿದ್ಯಾರ್ಥಿಗಳು’. ಅವರು ಕಲಿತ ವಿದ್ಯೆ ಎಂತಹುದೋ! ಮಿಲಾನಿನಲ್ಲಿ 3–0ರಿಂದ ಸೋತುಬಂದಿದ್ದ ಅವರು 1969ರ ಅಕ್ಟೋಬರ್ 22ರಂದು ಬ್ಯೂನಸ್ ಐರಿಸ್ಸಿನಲ್ಲಿ ಚೆಂಡಿಗಿಂತ ಎದುರಾಳಿಗಳನ್ನೇ ಹೆಚ್ಚಾಗಿ ಒದ್ದರು. ಮಿಲಾನಿನ ಪರವಾಗಿ ಆಡುತ್ತಿದ್ದ ನೆಸ್ತೊರ್ ಕೊಂಬಿನ್ ಅರ್ಜೆಂಟೀನಾದಲ್ಲಿಯೇ ಹುಟ್ಟಿ ಫ್ರಾನ್ಸಿಗೆ ಹೋಗಿ ನೆಲೆಸಿದವನು. ಹುಟ್ಟಿದ ನಾಡಿನ ಜನರ ಮುಂದೆ ಅವನ ಮೂಗು ಮುರಿಯಿತು, ಅಂಗಿ ರಕ್ತದಲ್ಲಿ ತೊಯ್ದಿತು. ಇಷ್ಟು ಸಾಲದೆಂಬಂತೆ, ಪಂದ್ಯ ಮುಗಿದೊಡನೆ, ಸೈನ್ಯದ ಕಡ್ಡಾಯ ಸೇವೆಯನ್ನು ತಪ್ಪಿಸಿಕೊಂಡವನೆಂದು ಅವನನ್ನೇ ಬಂಧಿಸಿದರು. ಫ್ರಾನ್ಸಿನಲ್ಲಿ ಆ ಸೇವೆಯನ್ನು ಮುಗಿಸಿದ್ದನೆಂದು ತಿಳಿದ ಮೇಲೆ ಬಿಟ್ಟರು. ಕಪ್ ಮಿಲಾನಿಗೇ ಹೋಯಿತು. ಅರ್ಜೆಂಟೀನಾದ ಅಧ್ಯಕ್ಷನೇ ನಡುವೆ ಬಂದು, ಎಸ್ತುದಿಯಾಂತೆಸ್‌ನ ಮೂವರು ಆಟಗಾರರನ್ನು ಸೆರೆಮನೆಗೆ ಕಳುಹಿಸಿದನು.

ಆದರೂ ಅವರು ಪಾಠ ಕಲಿಯಲಿಲ್ಲ. 1970ರಲ್ಲಿ ರಾಟರ್‌ಡ್ಯಾಮಿನಲ್ಲಿ ಫೆಯನೂರ್ಡ್ ತಂಡದ ಯೋಪ್ ವಾನ್ ಡಾಲೆ ಎಂಬುವನು ಕನ್ನಡಕ ಧರಿಸಿಯೇ ಆಡಿ, ಕಪ್ಪನ್ನು ಗೆಲ್ಲಿಸಿಕೊಟ್ಟ ಗೋಲನ್ನು ಹೊಡೆದನು. ಎದುರಾಳಿಗಳು ಅವನ ಮೂಗಿನ ಮೇಲಿನ ಕನ್ನಡಕವನ್ನೇ ಕಿತ್ತು ಕಾಲಿನಿಂದ ಹೊಸಕಿದರು. ನಗೆ ಬರುವ ಸಂಗತಿಯೇನೋ ಹೌದು. ಕಪ್ಪಿನ ಆಯುಸ್ಸು ಕುಂದಿದ್ದೂ ಇಂತಹ ಸಂಗತಿಗಳಿಂದಲೇ.

ಅಯಾಕ್ಸ್ 1971ರಲ್ಲಿ ಬರಲೊಲ್ಲೆನೆಂದಿತು. 1972ರಲ್ಲಿ ಹೋಗಿ ಆಡಿ ಕಪ್ಪನ್ನು ಗೆದ್ದಿತಾದರೂ, ಗೋಲು ಹೊಡೆದ ಕ್ರೈಫ್ ಪೆಟ್ಟು ತಿಂದು ಮೈದಾನದಿಂದ ಹೊರನಡೆಯಬೇಕಾಯಿತು. 1973ರಲ್ಲಿ ಮತ್ತೆ ಒಲ್ಲೆನೆಂದಿತು. ಬಯರ್ನ್ ಮ್ಯೂನಿಕ್, ಲಿವರ್‌ಪೂಲ್, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಒಂದಾದ ಮೇಲೊಂದು ಹಿಂಜರಿದುವು. ಎಲ್ಲದಕ್ಕೂ ಭಯವೇ ಕಾರಣವೆನ್ನುವಂತಿಲ್ಲ. ದಿನಗಳು ಹೊಂದದಿರುವುದು, ದೂರದ ಪ್ರಯಾಣ, ಕೈಗೆ ಬರುವ ಅಲ್ಪ ಹಣ ಇವೂ ಇದ್ದುವು. 1975 ಮತ್ತು 1978ರಲ್ಲಿ ಪಂದ್ಯವೇ ನಡೆಯಲಿಲ್ಲ. ಉಳಿದ ವರ್ಷಗಳಲ್ಲಿ ಗೆದ್ದವರ ಬದಲಿಗೆ ಯೂರೋಪಿನ ಫೈನಲ್ಲಿನಲ್ಲಿ ಸೋತವರು ಬಂದು ಆಡಿದರು. ಮದುವಣಿಗ ಬಾರದ ಮದುವೆಯಲ್ಲಿ ಅವನ ಸೋದರನನ್ನು ಹಸೆಗೆ ಕೂರಿಸಿದಂತಾಯಿತು.

ಹಾಗೆ ಬಂದವರಲ್ಲಿ ಒಬ್ಬನ ಕಥೆಯನ್ನು ಹೇಳದಿರಲಾಗದು. 1974ರ ಮೇ 15ರಂದು ಬ್ರಸೆಲ್ಸಿನ ಫೈನಲ್ಲಿನಲ್ಲಿ, ಹೆಚ್ಚುವರಿ ಆಟದ ಕೊನೆಯ ಭಾಗದಲ್ಲಿ, ಅಟ್ಲೆಟಿಕೊ ಮ್ಯಾಡ್ರಿಡ್‌ನ ಲೂಯಿಸ್ ಅರಗೊನೆಸ್ ಗೋಲು ಹೊಡೆದನು. ಯೂರೋಪಿನ ಕಪ್ ಕೈಗೆ ಬಂದೇಬಿಟ್ಟಿತೆಂದು ಅವನ ಕಡೆಯವರು ನಂಬಿದರು. ಮುಗಿಯಲು ಕೆಲವೇ ಕ್ಷಣಗಳಿದ್ದಾಗ ಬಯರ್ನಿನ ಶ್ವಾರ್ಟ್ಸೆನ್‌ಬೆಕ್ ದೂರದಿಂದ ಹೊಡೆದ ಚೆಂಡು ಬಲೆಯನ್ನು ಸೇರಿತು. ಎರಡು ದಿನಗಳ ಮೇಲೆ ನಡೆದ ಮರುಪಂದ್ಯದಲ್ಲಿ ಅಟ್ಲೆಟಿಕೊ 4–0ರಿಂದ ಸೋತುಹೋಯಿತು. ಆ ವರ್ಷ ಮುಗಿಯುವುದರೊಳಗೆ ಲೂಯಿಸ್ ಆಟವನ್ನು ಬಿಟ್ಟು ಅದೇ ತಂಡದ ತರಬೇತುದಾರನಾದನು. ನೆನ್ನೆ ಜೊತೆಗಾರರಾಗಿದ್ದವರಿಗೆ ಇಂದು ಗುರು! ಬಯರ್ನ್ ಬರಲೊಲ್ಲದ ಕಾರಣ ಅರ್ಜೆಂಟೀನಾದ ಇಂಡಿಪೆಂಡಿಯೆಂಟೆ ತಂಡವನ್ನು ಎದುರಿಸುವ ಸರದಿ ಅವನದಾಯಿತು. ಮೊದಲ ಪಂದ್ಯದಲ್ಲಿ 1–0ರ ಸೋಲು. 1975ರ ಏಪ್ರಿಲ್ 10ರಂದು ಮ್ಯಾಡ್ರಿಡ್ಡಿನಲ್ಲಿ ಇರುರೇತಾ ಒಂದು ಗೋಲು ಹೊಡೆದನು; ಮುಗಿಯಲು ನಾಲ್ಕೈದು ನಿಮಿಷಗಳಿದ್ದಾಗ ಅಯಾಲಾ ಇನ್ನೊಂದು ಹೊಡೆದನು. ಈ ಬಾರಿ ಕೊನೆಯ ಕ್ಷಣಗಳು ಲೂಯಿಸನ ಕೈಬಿಡಲಿಲ್ಲ. ತನ್ನ ಖಂಡವನ್ನು ಗೆಲ್ಲಲಾರದೆ ಹೋದ ತಂಡ ಜಗತ್ತನ್ನು ಗೆದ್ದಿತು. ಇದು ನ್ಯಾಯವೇ ಎಂದು ಕೇಳುವವರು ಮನೆಯಲ್ಲಿ ಕುಳಿತ ಬಯರ್ನನ್ನು ಕೇಳಬೇಕು.

1979ರಲ್ಲಿ ಸ್ವೀಡನ್ನಿನ ಮಾಲ್ಮೊದಲ್ಲಿ ನಡೆದ ಪಂದ್ಯಕ್ಕೆ ಐದು ಸಾವಿರ ಜನರೂ ಸೇರಲಿಲ್ಲ. ನಮ್ಮ ಜಾತ್ರೆಯ ಕುಸ್ತಿಗೂ ಅದಕ್ಕಿಂತ ಹೆಚ್ಚು ಮಂದಿ ನೆರೆಯುತ್ತಾರೆ. ಕಪ್ಪಿಗೆ ಪುನರ್ಜನ್ಮ ಕೊಟ್ಟವರು ಜಪಾನಿನ ಮೋಟಾರು ತಯಾರಕರು. 1980ರ ಕಪ್ಪಿನಿಂದ ಮೊದಲಾಗಿ, ಟೊಯೋಟಾ ಕಂಪನಿಯ ಹೆಸರಿನಲ್ಲಿ, ಟೋಕಿಯೋದಲ್ಲಿ, ಯಾರ ಅಂಗಳವೂ ಅಲ್ಲದ ಅಂಗಳದಲ್ಲಿ ಒಂದೇ ಪಂದ್ಯ. ಬರುವುದು ಬಿಡುವುದು ತಮ್ಮ ಇಚ್ಛೆಯೆನ್ನದಂತೆ ಯೂರೋಪಿನ ತಂಡಗಳಿಂದ ಕರಾರೂ ಬರೆಯಿಸಿಕೊಂಡರು. ಉತ್ತಮ ಆಟಗಾರನಿಗೆ ಒಂದು ಕಾರು. 1981ರಲ್ಲಿ ಫ್ಲಮೆಂಗೊ ತಂಡ ಲಿವರ್‌ಪೂಲನ್ನು 3–0ರಿಂದ ಸೋಲಿಸಿದಾಗ ಆ ಕಾರು ಜಿಕೊನದಾಯಿತು. 1987ರಲ್ಲಿ ಹಿಮ ಸುರಿದು ಬಿಳಿಯಾದ ಮೈದಾನದಲ್ಲಿ ಪೋರ್ಟೊ ಮತ್ತು ಪೆನ್ಯರೋಲ್ ಜಾರುತ್ತ ಏಳುತ್ತ ಆಡಿದುವು. ಹೆಚ್ಚುವರಿ ಆಟದಲ್ಲಿ ಪೋರ್ಟೊ ಗೆದ್ದಿತು. ರಕ್ತ ಹರಿಯುವುದು ನಿಂತಿತು.

ಇಲ್ಲಿ ಏಷ್ಯದವರ ಮನಸ್ಸನ್ನು ಚುಚ್ಚುವ ಮಾತೊಂದಿದೆ. ಸುಮಾರು ಕಾಲು ಶತಮಾನ ಪಂದ್ಯ ನಡೆದದ್ದು ಏಷ್ಯದ ನೆಲದಲ್ಲಿ, ಏಷ್ಯದ ಹಣದಲ್ಲಿ, ಏಷ್ಯದ ಪ್ರೇಕ್ಷಕರ ಮುಂದೆ. ಏಷ್ಯದ ತಂಡವೊಂದು ಮಾತ್ರ ಅದರಲ್ಲಿ ಕಾಲಿಡಲಿಲ್ಲ. ಚಪ್ಪರ ನಮ್ಮದು, ಊಟ ಅವರದು. ಏಷ್ಯ ಮತ್ತು ಆಫ್ರಿಕದ ಚಾಂಪಿಯನ್ನರು ತಮ್ಮದೇ ಕಪ್ಪೊಂದನ್ನು 1986ರಿಂದ 1998ರವರೆಗೆ ಆಡಿದರು. 2000ದಲ್ಲಿ, ವಿಶ್ವಕಪ್ಪಿನ ಆತಿಥ್ಯದ ಮತದಾನದಲ್ಲಿ ಏಷ್ಯದವರು ದಕ್ಷಿಣ ಆಫ್ರಿಕವನ್ನು ಬಿಟ್ಟು ಜರ್ಮನಿಯ ಕೈಹಿಡಿದರೆಂದು ಆಫ್ರಿಕದವರು ಮುನಿದರು, ಅದೂ ನಿಂತುಹೋಯಿತು.

ಬಾಗಿಲು ತೆರೆದದ್ದು ಹಳೆಯ ಕಪ್ಪನ್ನು ಮುಗಿಸಿ, 2005ರಿಂದ ಎಲ್ಲ ಖಂಡಗಳ ಚಾಂಪಿಯನ್ನರನ್ನೂ ಫಿಫಾ ತನ್ನ ಸ್ಪರ್ಧೆಗೆ ಕರೆದ ಮೇಲೆ. 2016ರ ಡಿಸೆಂಬರಿನಲ್ಲಿ ಯೋಕೋಹಾಮಾದಲ್ಲಿ, ಖಂಡಾಂತರ ಕಪ್ಪಿನ ಕೊನೆಯ ಪಂದ್ಯಗಳು ನಡೆದ ಅದೇ ಮೈದಾನದಲ್ಲಿ, ಜಪಾನಿನ ಕಾಶಿಮಾ ಆ್ಯಂಟ್ಲರ್ಸ್ ತಂಡ ಫೈನಲ್ಲಿನಲ್ಲಿ ರಿಯಲ್ ಮ್ಯಾಡ್ರಿಡ್ಡಿಗಿಂತ ಒಂದು ಹೊತ್ತು 2–1ರಿಂದ ಮುಂದಿತ್ತು. ಹೆಚ್ಚುವರಿ ಆಟದಲ್ಲಿ 4–2ರಿಂದ ಸೋತಿತೆಂಬುದು ಬೇರೆ ಮಾತು. ಅದೇ ವರ್ಷದ ನವೆಂಬರ್ 5ರಂದು ಬೆಂಗಳೂರು ಎಫ್.ಸಿ. ತಂಡ ದೋಹಾದಲ್ಲಿ ಏಷ್ಯದ ಎರಡನೆಯ ದರ್ಜೆಯ ಕಪ್ಪಿನ ಫೈನಲ್ಲನ್ನು ಆಡಿ, ಇರಾಕಿನ ವಾಯುಪಡೆಯ ತಂಡಕ್ಕೆ 1–0ರಿಂದ ಸೋತಿತು. ಆ ಫೈನಲ್ಲನ್ನು ಮುಟ್ಟಿದ ಮೊದಲ ಭಾರತೀಯ ತಂಡ ಅದು. ಯೋಕೋಹಾಮಾದ ಮೆಟ್ಟಿಲು ಇನ್ನೂ ಎಷ್ಟೋ ಮೇಲಿತ್ತು. ಆದರೂ ಬೆಟ್ಟದ ಬುಡವನ್ನಾದರೂ ಮುಟ್ಟಿದಂತಾಯಿತು.

ಹಳೆಯ ಕಪ್ಪಿನ ಕೊನೆಯ ಪಂದ್ಯ 2004ರ ಡಿಸೆಂಬರ್ 12ರಂದು ಆಯಿತು. ಪೋರ್ಟೊ ಮತ್ತು ಕೊಲಂಬಿಯದ ಒನ್ಸೆ ಕಾಲ್ದಾಸ್ ಎರಡು ಗಂಟೆಗಳ ಕಾಲ ಆಡಿದರೂ ಗೋಲಾಗಲಿಲ್ಲ. ಪೆನಾಲ್ಟಿಗಳಲ್ಲಿ ಪೋರ್ಟೊ 8–7ರಿಂದ ಗೆದ್ದಿತು. ಒಟ್ಟು ಲೆಕ್ಕದಲ್ಲಿ ದಕ್ಷಿಣ ಅಮೆರಿಕಕ್ಕೆ 22 ಕಪ್ಪುಗಳು, ಯೂರೋಪಿಗೆ 21. ಅದೇ ಹೆಸರಿನ ಇನ್ನೊಂದು ಕಪ್ಪನ್ನು ಫಿಫಾ 2024ರಲ್ಲಿ ಹೊಸದಾಗಿ ಹೂಡಿತು. ಅದರ ರೀತಿಯೇ ಬೇರೆ.

ನಲವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಈ ಕಪ್ಪನ್ನು ತನ್ನದಲ್ಲವೆಂದು ದೂರವಿಟ್ಟಿದ್ದ ಫಿಫಾ, 2017ರ ಅಕ್ಟೋಬರಿನಲ್ಲಿ ಮನಸ್ಸು ಬದಲಿಸಿ, 1960ರಿಂದ 2004ರವರೆಗೆ ಅದನ್ನು ಗೆದ್ದವರೆಲ್ಲರೂ ವಿಶ್ವ ಚಾಂಪಿಯನ್ನರೆಂದು ಸಾರಿತು. ಪಟ್ಟಿಯಲ್ಲಿ 1975 ಮತ್ತು 1978ರ ಎದುರಿಗೆ ಯಾರ ಹೆಸರೂ ಇಲ್ಲ. 1974ರ ಎದುರಿಗೆ, ಅದುವರೆಗೆ ಯೂರೋಪಿನ ಕಪ್ಪನ್ನು ಒಮ್ಮೆಯೂ ಗೆದ್ದಿರದ ಅಟ್ಲೆಟಿಕೊ ಮ್ಯಾಡ್ರಿಡ್‌ನ ಹೆಸರಿದೆ. ಲೂಯಿಸ್ ಅರಗೊನೆಸ್ 2014ರ ಫೆಬ್ರವರಿಯಲ್ಲಿಯೇ ತೀರಿಕೊಂಡಿದ್ದನು.