ಬಿರುಸು ಗಾಳಿಗೆ ಹಗುರ ಗ್ಲೈಡರ್ ಸಲ್ಲದು

ಕಳೆದ ಆಷಾಢದಲ್ಲಿ ನಮ್ಮ ಶಾಲೆಯ ಹುಡುಗರು ತಮ್ಮಲ್ಲೇ ಹಣ ಕೂಡಿಸಿ, ಕೊರತೆ ಬಿದ್ದುದನ್ನು ನಾನು ತುಂಬಿ, ರೇಡಿಯೋದಿಂದ ನಡೆಸುವ ಒಂದು ಗ್ಲೈಡರನ್ನು ತರಿಸಿದೆವು. ಎರಡು ಮೀಟರ್ ಅಗಲದ ರೆಕ್ಕೆ, ಬಾಲ್ಸಾ ಕಟ್ಟಿಗೆಯ ಎಲುಬು, ಮೇಲೆ ತೆಳ್ಳನೆಯ ಹಾಳೆ, ನೋಡಲು ಬೆಳ್ಳಕ್ಕಿಯಂತಿತ್ತು. ಸೋನ್ಯಾಳದ ಹೊರಗಿನ ಮಡ್ಡಿಯ ಅಂಚಿನಿಂದ (ಕಾಸರಗೋಡಿನವರು ಪದವು ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅಂಥದೇ ಬೋಳು ನೆಲ) ಗಾಳಿಗೆ ಎದುರಾಗಿ ಎಸೆದೆವು. ಅದು ಏರಿತು, ಒಂದು ಕ್ಷಣ ನಿಂತಿತು, ಬಳಿಕ ಮೂಗು ಪಡುವಣಕ್ಕೇ ಇದ್ದರೂ ಹಿಂದಹಿಂದಕ್ಕೆ ಸರಿಯತೊಡಗಿತು. ನಮ್ಮ ತಲೆಯನ್ನು ದಾಟಿ, ಮಡ್ಡಿಯ ಹಿಂಬದಿಯ ಸುಳಿಗಾಳಿಗೆ ಸಿಕ್ಕಿ, ಜಾಲಿಕಂಟಿಯಲ್ಲಿ ಬಿದ್ದು ಪುಡಿಯಾಯಿತು. ಸುಗ್ಗಿಯಲ್ಲಿ ತಂದೆತಾಯಿಯೊಡನೆ ಕಬ್ಬು ಕಡಿಯಲು ಹೋಗುವ ಹುಡುಗನೊಬ್ಬ ಚೂರುಗಳನ್ನು ಆಯ್ದು ಚೀಲಕ್ಕೆ ತುಂಬಿ ತಂದು, "ಸರ್, ನಮ್ಮದೇನ್ ತಪ್ಪಾತ್ರೀ?" ಎಂದು ಕೇಳಿದ.

ತಪ್ಪು ಅವರದಲ್ಲ, ನನ್ನದು. ನಾನು ಚಿತ್ರ ನೋಡಿ ಆರಿಸಿದ್ದೆ. ನಮ್ಮ ಗಾಳಿಯನ್ನು ನೋಡಿರಲಿಲ್ಲ.

ಟಿ.ಸಿ.ಎಚ್. ಮುಗಿಸಿ ಮಾಸ್ತರಿಕೆಗೆ ಬಂದ ನಾನು ವಿಮಾನಶಾಸ್ತ್ರ ಓದಿದವನಲ್ಲ. ಆದರೆ ಕಣದಲ್ಲಿ ಜೋಳ ತೂರುವುದನ್ನು ನೋಡುತ್ತ ಬೆಳೆದವನು. ಒಂದೇ ಗಾಳಿಗೆ ಹೊಟ್ಟು ಹಾರಿಹೋಗುತ್ತದೆ, ಕಾಳು ಕಾಲಬುಡದಲ್ಲೇ ಬೀಳುತ್ತದೆ. ತನ್ನ ಮೈಯ ಹರವಿಗೆ ಎಷ್ಟು ತೂಕವಿದೆ ಎಂಬುದೇ ಇಲ್ಲಿಯ ಗುಟ್ಟು. ಗ್ಲೈಡರಿನ ವಿಚಾರವೂ ಇದೇ. ನಮ್ಮದು ಸುಮಾರು 700 ಗ್ರಾಂ. ರೆಕ್ಕೆಯ ವಿಸ್ತೀರ್ಣ 36 ಚದರ ಡೆಸಿಮೀಟರ್. ಅಂದರೆ ಒಂದು ಚದರ ಡೆಸಿಮೀಟರಿಗೆ 20 ಗ್ರಾಮಿಗೂ ಕಡಿಮೆ. ಇಂಥದು ತಾಸಿಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಹಾಯಾಗಿ ತೇಲುತ್ತದೆ. ಎದುರುಗಾಳಿಯೇ 40 ಇದ್ದರೆ ಅದು ಹಿಂದಕ್ಕೆ ಬಾರದೆ ಇನ್ನೇನು ಮಾಡೀತು?

ಹಾಗಾದರೆ ಸೀಸ ಕಟ್ಟಿದರಾಯಿತಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಕುಂಟೆ ನೆಲ ಕಚ್ಚದಿದ್ದರೆ ಮೇಲೆ ಕಲ್ಲು ಹೇರುವವರು ನಾವು, ಪ್ರಶ್ನೆ ಸಹಜವೇ. ಆದರೆ ವೇಗ ಇಮ್ಮಡಿಯಾಗಬೇಕಾದರೆ ತೂಕ ನಾಲ್ಮಡಿಯಾಗಬೇಕು; ತೂಕವನ್ನು ಇಮ್ಮಡಿ ಮಾಡಿದರೆ 25 ಇದ್ದುದು 35 ಆದೀತು, ಅಷ್ಟೆ. ಆ ಭಾರವನ್ನು ಬಡಕಲು ಎಲುಬು ತಾಳಬೇಕಲ್ಲ! ಸಾಲದುದಕ್ಕೆ, ಕೆಳಮೈ ಚಪ್ಪಟೆಯಾಗಿ ಬೆನ್ನು ಉಬ್ಬಿದ ದಪ್ಪ ರೆಕ್ಕೆ ವೇಗ ಹೆಚ್ಚಿದೊಡನೆ ಮೂಗೆತ್ತಿ ಏರುತ್ತದೆಯೇ ಹೊರತು ಮುಂದಕ್ಕೆ ನುಗ್ಗುವುದಿಲ್ಲ. ಗಾಳಿ ಜೋರಾದಾಗ ಹದ್ದು ರೆಕ್ಕೆಯನ್ನು ಅರೆಮಡಚಿ ಚಿಕ್ಕದು ಮಾಡಿಕೊಳ್ಳುವುದನ್ನು ಗಮನಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬಿರುಸು ಗಾಳಿಯ ಗುಡ್ಡಕ್ಕೆ ಬೇಕಾದದ್ದು ಗಿಡ್ಡ, ತೆಳು, ಗಟ್ಟಿ ರೆಕ್ಕೆ. ಕಲಿಯುವ ಹುಡುಗರಿಗೆ ನಾಲ್ಕೈದು ಅಡಿ ಅಗಲದ ಇ.ಪಿ.ಪಿ. ನೊರೆಯ ಗ್ಲೈಡರ್ ತಕ್ಕದ್ದೆಂದು ನನ್ನ ಮತ. ಇ.ಪಿ.ಪಿ. ಎಂದರೆ ಮೋಟಾರುಗಳ ಬಂಪರಿನೊಳಗೆ ಇಡುವ ವಸ್ತು; ಥರ್ಮೋಕೋಲಿನಂತೆ ಮುರಿಯದೆ ಬಾಗಿ ಮತ್ತೆ ಮೊದಲಿನಂತಾಗುತ್ತದೆ. ರೆಕ್ಕೆಯೊಳಗೆ ಕಾರ್ಬನ್ ಕಡ್ಡಿ ಇರಲಿ. ಬಾಲದ ಚುಕ್ಕಾಣಿಯೊಂದನ್ನೇ ನಂಬಿ ತಿರುಗುವ ಗ್ಲೈಡರ್ ಇಲ್ಲಿ ಬೇಡ; ರೆಕ್ಕೆಯಂಚಿನಲ್ಲಿ ಏಲೆರಾನ್ ಇದ್ದರೆ ಮಾತ್ರ ಗಾಳಿಯ ಹೊಡೆತಕ್ಕೆ ಒಡನೆ ಉತ್ತರ ಕೊಡಬಹುದು. ಭಾರ ಹೇರಲು ಗುರುತ್ವಕೇಂದ್ರದಲ್ಲೇ ಜಾಗವಿರಬೇಕು. ಮೂಗಿಗೋ ಬಾಲಕ್ಕೋ ಕಟ್ಟಿದರೆ ಸಮತೋಲ ಕೆಡುತ್ತದೆ. ಭಾರವೆಂದರೆ ಅಂಜಬೇಕಾಗಿಲ್ಲ. ಆರ್ವಿಲ್ ರೈಟ್ 1911ರ ಅಕ್ಟೋಬರ್ 24ರಂದು ಅಮೇರಿಕದ ಕಿಲ್ ಡೆವಿಲ್ ಮರಳುದಿಬ್ಬದ ಮೇಲೆ, ಯಂತ್ರವಿಲ್ಲದ ಗ್ಲೈಡರಿನಲ್ಲಿ, ಬಿರುಸು ಗಾಳಿಗೆ ಮುಖಕೊಟ್ಟು 9 ನಿಮಿಷ 45 ಸೆಕೆಂಡು ಹಾರಿದಾಗ ಮುಂದೆ ಕೋಲು ಚಾಚಿ ಮರಳಿನ ಚೀಲ ಕಟ್ಟಿದ್ದರು. ಆ ಗ್ಲೈಡರಿನ ಸಮತೋಲಕ್ಕೆ ಅದು ಬೇಕಾಗಿತ್ತು.

ಪೊಸಡಿಗುಂಪೆಯಂಥ ಎತ್ತರಗಳುಳ್ಳ ನಿಮ್ಮ ಜಿಲ್ಲೆಯಲ್ಲೂ ಕಡಲಗಾಳಿಗೆ ಇದನ್ನು ಹಾರಿಸಬಹುದು. ಇಳಿಜಾರಿಗೆ ಬಡಿದ ಗಾಳಿ ಮೇಲಕ್ಕೆ ಮುರಿಯುವಲ್ಲಿಯೇ ಗ್ಲೈಡರ್ ಇರಬೇಕು, ತಿರುವು ಸದಾ ಗುಡ್ಡದಿಂದ ಹೊರಕ್ಕೆ, ಗಾಳಿಯ ಕಡೆಗೇ ಇರಬೇಕು. ಜನ ಸೇರುವ ಕಡೆ ಬೇಡ. 2021ರ ಡ್ರೋನ್ ನಿಯಮಗಳು ಇಂಥ ಮಾದರಿಗಳಿಗೂ ಸಂಬಂಧಿಸಿರುವುದರಿಂದ, ಸರಕಾರದ ಆಕಾಶನಕ್ಷೆಯಲ್ಲಿ ಆ ಜಾಗ ಹಸಿರು ವಲಯವೇ ಎಂದು ಮೊದಲೇ ನೋಡಿಕೊಳ್ಳಬೇಕು. ಹಸಿರಾದರೂ 400 ಅಡಿ ಮೀರಬಾರದು. ನಮ್ಮ ಜತ್ತ ತಾಲೂಕಿನಲ್ಲಿ ಗಾಳಿವಿದ್ಯುತ್ತಿನ ಕಂಬಗಳಿಂದಲೂ ದೂರ ನಿಲ್ಲಬೇಕು.

ಬರದ ತಾಲೂಕಿನ ಬಡ ಮಕ್ಕಳಿಗೆ ಈ ಷೋಕಿ ಏಕೆಂದು ಕೇಳುವವರಿದ್ದಾರೆ. ಮಳೆ ಕೈಕೊಟ್ಟರೂ ನಮ್ಮಲ್ಲಿ ಗಾಳಿ ಕೈಕೊಟ್ಟದ್ದಿಲ್ಲ. ಅದರಿಂದ ಕರೆಂಟು ತೆಗೆಯಲು ಹೊರಗಿನವರು ಬರುತ್ತಾರೆ. ಅದೇ ಗಾಳಿಯ ಲೆಕ್ಕವನ್ನು ನಮ್ಮ ಹುಡುಗರು ಕಲಿತರೆ ಷೋಕಿಯೆ? ವರ್ಗ, ವರ್ಗಮೂಲಗಳನ್ನು ಹಲಗೆಯ ಮೇಲೆ ವರ್ಷಗಟ್ಟಲೆ ಬರೆಸಿದ್ದೇನೆ. ಆ ಚೂರುಗಳ ಚೀಲವನ್ನು ಮೇಜಿನ ಮೇಲಿಟ್ಟು ಹೇಳಿಕೊಟ್ಟ ದಿನ ಹಿಂದಿನ ಬೆಂಚಿನವರೂ ಎದ್ದು ಬಂದರು.

ಈಗ ಮತ್ತೆ ಹಣ ಕೂಡುತ್ತಿದೆ. ಅಂಗಡಿಯವರಿಗೆ ಕೇಳಬೇಕಾದುದನ್ನು ಈ ಸಲ ಹುಡುಗರೇ ಬರೆದಿದ್ದಾರೆ. ಮೊದಲ ಸಾಲಿನಲ್ಲಿ ಬಣ್ಣದ ಮಾತಿಲ್ಲ. ತೂಕ ಎಷ್ಟು, ರೆಕ್ಕೆಯ ವಿಸ್ತೀರ್ಣ ಎಷ್ಟು ಎಂದಿದೆ.