ಆನೆ ಸಾಕುಪ್ರಾಣಿಯಾಗಿದ್ದರೆ

ಮೈಸೂರು ಸೀಮೆಯ ಕಾಡುಗಳಲ್ಲಿ ಹಿಡಿದ ಆನೆಗಳು ಅರಸರ ಸವಾರಿಗೆ, ಮರ ಎಳೆಯುವುದಕ್ಕೆ, ದಸರಾ ಮೆರವಣಿಗೆಗೆ ತಲೆಮಾರುಗಳಿಂದ ದುಡಿದಿವೆ. ಆದರೂ ಎತ್ತು, ಕುದುರೆ, ಒಂಟೆಗಳ ಹಾಗೆ ಆನೆ ಜಗತ್ತಿನ ಹಟ್ಟಿ ಲಾಯಗಳನ್ನು ಸೇರಲಿಲ್ಲ. ಸೇರಿದ್ದರೆ ಚರಿತ್ರೆ ಯಾವ ದಾರಿ ಹಿಡಿಯುತ್ತಿತ್ತು ಎಂದು ಯೋಚಿಸುತ್ತಾ ಹೋದರೆ, ಚಾಮರಾಜನಗರ ಮತ್ತು ಗುಂಡ್ಲುಪೇಟೆಯಲ್ಲಿ ಇಂದಿಗೂ ಕಾಡಾನೆ ಏಕೆ ಉಳಿದಿದೆ ಎಂಬುದಕ್ಕೂ ಒಂದು ಉತ್ತರ ಸಿಗುತ್ತದೆ.

ಪಳಗಿದ ಪ್ರಾಣಿ ಬೇರೆ, ಸಾಕುಪ್ರಾಣಿ ಬೇರೆ. ಪಳಗುವುದು ಒಂದು ಪ್ರಾಣಿಯ ಆಯುಷ್ಯದೊಳಗೆ ಮುಗಿಯುವ ಕೆಲಸ. ಸಾಕುಪ್ರಾಣಿಯಾಗಲು ಮನುಷ್ಯ ತನಗೆ ಬೇಕಾದ ಗುಣವುಳ್ಳವನ್ನೇ ಆರಿಸಿ, ಕೂಡಿಸಿ, ಮರಿ ಮಾಡಿಸುತ್ತಾ ಅನೇಕ ಪೀಳಿಗೆಗಳು ಕಳೆಯಬೇಕು. ನಾಯಿ, ದನ, ಕೋಳಿ ಹೀಗೆಯೇ ಬದಲಾದವು. ಆನೆ ಬದಲಾಗಲಿಲ್ಲ. ಎಷ್ಟೇ ವರ್ಷ ಮಾವುತನ ಮಾತು ಕೇಳಿದರೂ ಶಿಬಿರದ ಆನೆಯ ರಕ್ತ ಕಾಡಾನೆಯದೇ.

1874ರಲ್ಲಿ ಚಾಮರಾಜನಗರದ ಬಳಿ ನಡೆದ ಖೆಡ್ಡಾ ಈ ಮಾತಿಗೆ ಒಳ್ಳೆಯ ನಿದರ್ಶನ. ಮೈಸೂರು ಸರ್ಕಾರದ ನೀರಾವರಿ ಕೆಲಸದಲ್ಲಿದ್ದ ಜಿ. ಪಿ. ಸ್ಯಾಂಡರ್‌ಸನ್ ಹೊನ್ನುಹೊಳೆಯ ಸೀಮೆಯಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿಸಿದ. ಹಿಂಡನ್ನು ಜನ ಸುತ್ತುವರಿದು, ಬೆಂಕಿ ಹಾಕಿ, ಗದ್ದಲ ಎಬ್ಬಿಸಿ, ಕಂದಕ ಮತ್ತು ಮರದ ದಿಮ್ಮಿಗಳ ಆವರಣದೊಳಕ್ಕೆ ನುಗ್ಗಿಸುತ್ತಿದ್ದರು. ಬಾಗಿಲು ಬಿದ್ದ ಮೇಲೆ ಪಳಗಿದ ಆನೆಗಳು ಒಳಹೋಗಿ ಕಾಡಾನೆಯನ್ನು ಎರಡೂ ಪಕ್ಕದಿಂದ ಒತ್ತಿ ನಿಲ್ಲಿಸುತ್ತಿದ್ದವು. ಆ ಸಂದಿಯಲ್ಲಿ ಆಳು ಕೆಳಗಿಳಿದು, ಕಾಡಾನೆಯ ಹಿಂಗಾಲುಗಳಿಗೆ ಹಗ್ಗ ಸುತ್ತಬೇಕು. ಒಂದು ಒದೆತ ಬಿದ್ದರೆ ಪ್ರಾಣ ಹೋಗುವ ಕೆಲಸ ಅದು. ಇಷ್ಟು ಅಪಾಯ, ಇಷ್ಟು ಜನ, ಇಷ್ಟು ಖರ್ಚು ಇದ್ದರೂ ಆನೆಯನ್ನು ಹುಟ್ಟಿಸಿ ಬೆಳೆಸುವುದಕ್ಕಿಂತ ಹಿಡಿಯುವುದೇ ಅಗ್ಗವಾಗಿತ್ತು.

ಕಾರಣ ಕಾಲ. ಹೆಣ್ಣಾನೆ ಒಂದು ಮರಿಯನ್ನು ಸುಮಾರು 22 ತಿಂಗಳು ಹೊರುತ್ತದೆ. ಒಂದು ಮರಿಗೂ ಮುಂದಿನದಕ್ಕೂ ನಾಲ್ಕೈದು ವರ್ಷದ ಅಂತರ. ಹುಟ್ಟಿದ ಮರಿ ಭಾರದ ಕೆಲಸಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯುತ್ತದೆ. ಕುದುರೆ ಮರಿಯಾದರೆ ನಾಲ್ಕು ವರ್ಷದೊಳಗೆ ಜೀನು ಹೊರುತ್ತದೆ. ದಿನಕ್ಕೆ ನೂರು ಕಿಲೋ ಮೀರಿ ಮೇವು ತಿನ್ನುವ ಪ್ರಾಣಿಯನ್ನು, ಅದರಿಂದ ಏನೂ ಕೆಲಸ ಪಡೆಯದೆ ಇಪ್ಪತ್ತು ವರ್ಷ ಸಾಕುವ ಶಕ್ತಿ ಯಾವ ರೈತನಿಗೂ ಇರಲಿಲ್ಲ, ಅರಸನಿಗೂ ಅದು ಲಾಭದ ಬಾಬತ್ತಲ್ಲ. ತಳಿ ತಿದ್ದುವ ಲೆಕ್ಕ ಇನ್ನೂ ಕಠಿಣ. ಆನೆಯಲ್ಲಿ ಐವತ್ತು ಪೀಳಿಗೆ ದಾಟಲು ಸಾವಿರ ವರ್ಷ ಬೇಕು. ಅಷ್ಟು ಕಾಲ ಒಂದೇ ಗುರಿ ಹಿಡಿದು ನಡೆದ ರಾಜ್ಯ ಜಗತ್ತಿನಲ್ಲಿಲ್ಲ. ಶಿಬಿರಗಳ ರೂಢಿಯೂ ಆಯ್ಕೆಗೆ ಎಡೆಗೊಡಲಿಲ್ಲ. ಸಂಜೆ ಆನೆಯ ಕಾಲಿಗೆ ಉದ್ದನೆಯ ಸರಪಳಿ ಬಿಗಿದು ಮೇಯಲು ಕಾಡಿಗೆ ಬಿಡುತ್ತಾರೆ. ಬೆಳಿಗ್ಗೆ ಮಾವುತ, ಕಾವಾಡಿಗಳು ನೆಲದ ಮೇಲೆ ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ತರುತ್ತಾರೆ. ರಾತ್ರಿ ಹೆಣ್ಣಾನೆಯನ್ನು ಕೂಡುವುದು ಬಹುಮಟ್ಟಿಗೆ ಕಾಡಿನ ಸಲಗ.

ಹೊರದೇಶಗಳಲ್ಲಿಯೂ ಆನೆ ಬೇರೂರದೆ ಹೋದದ್ದು ಇದರಿಂದಲೇ. ಚಂದ್ರಗುಪ್ತ ಮೌರ್ಯನಿಂದ ಸೆಲ್ಯೂಕಸ್ ಪಡೆದ 500 ಆನೆಗಳು ಕ್ರಿ.ಪೂ. 301ರ ಇಪ್ಸಸ್ ಯುದ್ಧದ ಗತಿಯನ್ನೇ ತಿರುಗಿಸಿದವು. ಕ್ರಿ.ಪೂ. 218ರಲ್ಲಿ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಆನೆಗಳೊಂದಿಗೆ ಆಲ್ಪ್ಸ್ ದಾಟಿದ. ಆದರೆ ಸತ್ತ ಆನೆಯ ಜಾಗಕ್ಕೆ ಮತ್ತೊಂದು ಆನೆ ಕಾಡಿನಿಂದಲೇ ಬರಬೇಕಿತ್ತು. ಕಾಡು ದೂರವಾದಲ್ಲಿ ಗಜಸೇನೆಯೂ ಕರಗಿತು. 1861ರಲ್ಲಿ ಸಯಾಮಿನ ದೊರೆ ಮೋಂಗ್‌ಕುಟ್ ಅಮೆರಿಕದ ಕಾಡುಗಳಲ್ಲಿ ಬಿಟ್ಟು ಬೆಳೆಸಲು ಆನೆಗಳನ್ನು ಕಳಿಸುವುದಾಗಿ ಬರೆದ. ತಮ್ಮ ದೇಶದ ಹವೆ ಆನೆಗೆ ಅನುಕೂಲವಲ್ಲ, ಸಾಗಣೆಗೆ ಉಗಿಯಂತ್ರವೇ ಸಾಕು ಎಂದು ಅಧ್ಯಕ್ಷ ಲಿಂಕನ್ ಮರುವರ್ಷ ವಿನಯದಿಂದ ನಿರಾಕರಿಸಿದರು.

ಈ ತೊಡಕುಗಳು ಇರದಿದ್ದರೆ? ಸಿಸಿಲಿ, ಸೈಪ್ರಸ್ ದ್ವೀಪಗಳಲ್ಲಿ ಒಂದು ಕಾಲಕ್ಕೆ ಗಿಡ್ಡ ಆನೆಗಳಿದ್ದವು. ಅಂಥ, ಬೇಗ ಬೆಳೆಯುವ ತಳಿಯೊಂದು ಮನುಷ್ಯನ ಕೈಗೆ ಸಿಕ್ಕಿತ್ತು ಎಂದು ಭಾವಿಸಬಹುದು. ಆಗ ಹೆಚ್ಚಿನ ಲಾಭ ಮಧ್ಯ ಆಫ್ರಿಕಕ್ಕೆ ಆಗುತ್ತಿತ್ತು. ಅಲ್ಲಿ ತ್ಸೆತ್ಸೆ ನೊಣ ಹರಡುವ ರೋಗದಿಂದ ದನ, ಕುದುರೆ ಉಳಿಯುವುದು ಕಷ್ಟವಾಗಿ ಹೊರೆ ಮನುಷ್ಯನ ತಲೆಯ ಮೇಲೆಯೇ ಸಾಗುತ್ತಿತ್ತು. ಆನೆ ಆ ನೆಲದ್ದೇ ಪ್ರಾಣಿ. ಬೆಲ್ಜಿಯನ್ನರು ಕಾಂಗೋದಲ್ಲಿ ಆಫ್ರಿಕದ ಆನೆಯನ್ನು ಪಳಗಿಸಿಯೂ ನೋಡಿದರು. ಆ ಕೆಲಸ ಎರಡು ಸಾವಿರ ವರ್ಷ ಮೊದಲೇ ನಡೆದು ನೆಲೆಗೊಂಡಿದ್ದರೆ ಅಲ್ಲಿನ ವ್ಯಾಪಾರ, ಬೇಸಾಯ, ರಾಜ್ಯಗಳ ವಿಸ್ತಾರ ಎಲ್ಲವೂ ಬೇರೆಯಾಗುತ್ತಿತ್ತು.

ಆದರೆ ಆ ಜಗತ್ತಿನಲ್ಲಿ ಚಾಮರಾಜನಗರದ ಕಾಡಾನೆಗೆ ಏನಾಗುತ್ತಿತ್ತು? ಸಾಕುಪ್ರಾಣಿಗಳ ಮೂಲಕುಲದ ಗತಿ ನೋಡಿದರೆ ಉತ್ತರ ಸ್ಪಷ್ಟ. ದನಗಳ ಪೂರ್ವಜವಾದ ಆರಾಕ್ಸ್ ಎಂಬ ಕಾಡುದನದ ಕೊನೆಯದು 1627ರಲ್ಲಿ ಪೋಲೆಂಡಿನಲ್ಲಿ ಸತ್ತಿತು. ಒಂದು ಡುಬ್ಬದ ಒಂಟೆಯ ಕಾಡುಕುಲ ಅಳಿದೇ ಹೋಗಿದೆ. ಹಟ್ಟಿಯಲ್ಲೇ ಕರು ಹುಟ್ಟತೊಡಗಿದ ಮೇಲೆ ಕಾಡುದನ ಬೆಳೆ ಮೇಯುವ ಪೀಡೆಯಾಗಿ, ಮೇವಿಗೆ ಪೈಪೋಟಿಯಾಗಿ, ಬೇಟೆಯಾಗಿ ಮಾತ್ರ ಕಾಣುತ್ತದೆ. ಅದರ ಕಾಡು ಉಳುವ ಹೊಲವಾಗುತ್ತದೆ.

ಭಾರತದ ಅರಸರಿಗೆ ಹಾಗೆ ಕಾಡನ್ನು ಕೈಬಿಡುವ ಅವಕಾಶವಿರಲಿಲ್ಲ. ಆನೆ ಬೇಕಾದರೆ ಕಾಡು ಬೇಕು. ಕೌಟಿಲ್ಯನ ಅರ್ಥಶಾಸ್ತ್ರ ಆನೆಗಳಿಗಾಗಿಯೇ ಕಾಡು ಮೀಸಲಿಡಲು ಹೇಳುತ್ತದೆ, ಆನೆ ಕೊಂದವನಿಗೆ ಮರಣದಂಡನೆ ವಿಧಿಸುತ್ತದೆ, ಮರಿಯನ್ನೂ ಗಬ್ಬದ ಹೆಣ್ಣಾನೆಯನ್ನೂ ಹಿಡಿಯಬಾರದೆನ್ನುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಆನೆ ಹಿಡಿಯುವುದನ್ನು ರಾಜವಿದ್ಯೆಯಾಗಿಯೇ ವಿವರಿಸುತ್ತದೆ. ಇತಿಹಾಸಕಾರ ಥಾಮಸ್ ಟ್ರಾಟ್‌ಮನ್ ಭಾರತದಲ್ಲಿ ಆನೆ ಉಳಿದದ್ದಕ್ಕೂ ಅರಸರ ಈ ಅಗತ್ಯಕ್ಕೂ ಇರುವ ನಂಟನ್ನು ವಿಸ್ತಾರವಾಗಿ ತೋರಿಸಿದ್ದಾರೆ.

ಹಿಡಿಯುವ ಪದ್ಧತಿಯೇ ಆನೆಯನ್ನು ಉಳಿಸಿತು ಎಂದರೆ ಅರ್ಧ ಸತ್ಯವಾದೀತು. ಖೆಡ್ಡಾದಲ್ಲಿ ಗಾಯಗೊಂಡು, ಸೆರೆಯ ಸಂಕಟ ತಾಳದೆ ಸತ್ತ ಆನೆಗಳಿವೆ. ತಾಯಿಯಿಂದ ಅಗಲಿದ ಮರಿಗಳಿವೆ. ಉತ್ತರ ಆಫ್ರಿಕದಲ್ಲಿ ಹಿಡಿಯುವಿಕೆ ಇತ್ತು, ಕಾಯುವಿಕೆ ಇರಲಿಲ್ಲ, ಅಲ್ಲಿ ಆನೆ ನಿರ್ನಾಮವಾಯಿತು. ಉಳಿಸಿದ್ದು ಕಾದ ಕಾಡು. ಅದನ್ನು ಕಾಯಲು ಅರಸರಿಗೆ ಬಲವಾದ ಸ್ವಾರ್ಥವಿತ್ತು, ಅಷ್ಟೆ.

ಆ ಸ್ವಾರ್ಥ ಈಗಿಲ್ಲ. ಕೊನೆಯ ಖೆಡ್ಡಾ 1971ರಲ್ಲಿ ಕಾಕನಕೋಟೆಯಲ್ಲಿ ನಡೆಯಿತು. ಗುಂಡ್ಲುಪೇಟೆಯ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳ ಅಂದಾಜು 6,395, ದೇಶದಲ್ಲೇ ಹೆಚ್ಚು. ಅವುಗಳಿಂದ ಇಂದು ಸೇನೆಗೂ ಸಾಗಣೆಗೂ ಪ್ರಯೋಜನವಿಲ್ಲ. ಅವುಗಳ ರಕ್ಷಣೆ ನಿಂತಿರುವುದು ಕಾನೂನಿನ ಮೇಲೆ ಮತ್ತು ಕಾಡಂಚಿನ ಜನರ ತಾಳ್ಮೆಯ ಮೇಲೆ. ಅರಸೊತ್ತಿಗೆಯ ಕಾಲದಲ್ಲಿ ಆನೆಯ ಲಾಭ ಅರಮನೆಗೆ ಸೇರುತ್ತಿತ್ತು, ಬೆಳೆಯ ನಷ್ಟ ರೈತನ ಪಾಲಿಗೆ ಬರುತ್ತಿತ್ತು. ನಷ್ಟ ಇಂದಿಗೂ ಅವನದೇ. ಆನೆಯ ಲಾಭ ಈಗ ಎಲ್ಲರದೂ ಆಗಿರುವಾಗ ಕಂದಕ, ಸೋಲಾರ್ ಬೇಲಿ, ಬೆಳೆ ಪರಿಹಾರದ ಹೊರೆಯನ್ನೂ ಎಲ್ಲರೂ ಹೊರುವುದೇ ನ್ಯಾಯ. ಆನೆ ಸಾಕುಪ್ರಾಣಿಯಾಗಲಿಲ್ಲವಾದ್ದರಿಂದ ಅದಕ್ಕೆ ಕಾಡು ಬಿಟ್ಟರೆ ಬೇರೆ ತೊಟ್ಟಿಲಿಲ್ಲ. ಆ ಕಾಡನ್ನೂ ಅದರಂಚಿನ ಹೊಲವನ್ನೂ ಒಟ್ಟಿಗೆ ಕಾಯದೆ ಆನೆಯನ್ನು ಕಾಯಲಾಗದು.